ಮನೆ ಟೀಚರ್

ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ಮನೆ ಟೀಚರ್. ಮನೆಮನೆಗೆ ಹೋಗಿ ಪಾಠ ಹೇಳುವವಳೆಂದು ತಿಳಿದುಕೊಳ್ಳಬೇಡಿ. ಹಾಗೆ ತಿಳಿದು ಬಂದ ಎಷ್ಟೋ ತಾಯಂದಿರು ‘ನಮ್ಮನೆಗೂ ಬರ್ತೀರಾ?’ ಎಂದು ಕೇಳಿ, ಮುಖಕ್ಕೆ ಹೊಡೆದಂಥ ಉತ್ತರ ಪಡೆದು ವಾಪಸಾಗಿದ್ದರು. ಅವಳು ಕೋಡಿಂಗ್ ಕಲಿಸುವವಳು. ಕಂಪ್ಯೂಟರಿಗೆ ಕೆಲಸ ಹೇಳುವ ಆ ವಿದ್ಯೆಯನ್ನು ಅವಳು ಕಂಪ್ಯೂಟರಿಲ್ಲದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದು ಶುರುಮಾಡುತ್ತಿದ್ದಳು. ಕುಂಟೆಬಿಲ್ಲೆ ಆಡುವ ಮಕ್ಕಳು ಚೌಕಕ್ಕೆ ಮನೆ ಎನ್ನುತ್ತಾರಲ್ಲ, ಅವಳೂ ಮನೆ ಎನ್ನುತ್ತಿದ್ದಳು. ಒಂದು ಮನೆ ಮುಂದೆ, ಎರಡು ಮನೆ ಹಿಂದೆ. ಅದರಿಂದ ಬಂದ ಹೆಸರು.

ಅವಳು ಇದ್ದದ್ದು ತಮ್ಮನ ಮನೆಯಲ್ಲಿ, ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆಯಲ್ಲಿ. ಒಂದು ಮಂಚ, ಒಂದು ಕಬ್ಬಿಣದ ಕಪಾಟು, ಗೋಡೆಗೆ ಒರಗಿಸಿದ ಮಡಚುವ ಮೇಜು. ‘ಮನೆ ಟೀಚರಂತೆ! ಸ್ವಂತಕ್ಕೊಂದು ಗೂಡಿಲ್ಲ,’ ಎಂದು ತಮ್ಮ ರೇಗಿಸುತ್ತಿದ್ದ. ‘ದಿನಾ ಇಪ್ಪತ್ತು ಮನೆ ಕಟ್ಟಿ ಸಾಯಂಕಾಲ ಒರೆಸಿ ಹಾಕ್ತೀನಿ ಕಣೋ, ನಿನ್ನ ಕೈಲಾಗುತ್ತಾ?’ ಎಂದು ಅವಳು ತಿರುಗೇಟು ಕೊಡುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅದನ್ನು ಬೇರೆ ಕಡೆ ತಿರುಗಿಸುತ್ತ ಬಂದವಳು, ಕೊನೆಗೆ ಕೇಳುವವರೇ ಇಲ್ಲವಾದಾಗ ಒಳ್ಳೆಯದೇ ಆಯಿತೆಂದು ಕೈ ಝಾಡಿಸಿಕೊಂಡಿದ್ದಳು. ಈ ತಮಾಷೆಯೆಲ್ಲ ಆ ಮನೆಯಲ್ಲಿ ನಗು ಇದ್ದ ಕಾಲದ್ದು.

ಅವಳ ಅರ್ಧ ಆಯುಸ್ಸು ಟೈಪಿಂಗ್ ಶಾಲೆಯಲ್ಲಿ ಕಳೆದಿತ್ತು. ಉದ್ದನೆಯ ಕೋಣೆ, ಎರಡು ಸಾಲು ಯಂತ್ರಗಳು, ಕಿವಿ ತೂತಾಗುವ ಸದ್ದು. ಕೀಲಿಗಳ ಮೇಲೆ ಬಟ್ಟೆ ಹೊದಿಸಿ, ಕಣ್ಣನ್ನು ಗೋಡೆಯ ಮೇಲೆ ಇಡಿಸಿ, ಮೊದಲು ನಡುವಿನ ಸಾಲು ಕಲಿಸುತ್ತಿದ್ದಳು. ಆ ಸಾಲು ಬೆರಳಿಗೆ ಹತ್ತುವ ಮೊದಲೇ ಮೇಲಿನ ಸಾಲಿಗೆ ಕೈಹಾಕಿದವರ ಗೆಣ್ಣಿಗೆ ಸ್ಕೇಲು ಬೀಳುತ್ತಿತ್ತು. ಮೀಸೆ ಬಂದ ಗುಮಾಸ್ತರು ಕೂಡ ಅವಳ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಒಂದು ದಿನ ಆ ಯಂತ್ರಗಳೆಲ್ಲ ಗುಜರಿಗೆ ಹೋದವು. ಲಾರಿಗೆ ಎಸೆಯುವಾಗ ಒಂದೊಂದೂ ಗಂಟೆ ಬಾರಿಸಿದಂತೆ ‘ಟಿಣ್’ ಎಂದದ್ದನ್ನು ಕೇಳುತ್ತ ನಿಂತಿದ್ದವಳು, ಮನೆಗೆ ಬಂದು ಅತ್ತಳು. ಮುಂದಿನ ವಾರ ಕಂಪ್ಯೂಟರ್ ಕಲಿಯಲು ಸೇರಿಕೊಂಡಳು. ಓರಗೆಯವರು ಕನ್ನಡಕ ಹುಡುಕುತ್ತಿದ್ದ ವಯಸ್ಸಿನಲ್ಲಿ ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಕಲಿತಳು. ಆಮೇಲೆ ಮಕ್ಕಳಿಗೆ ಕಲಿಸುವ ಒಂದು ಸಂಸ್ಥೆ ಅವಳನ್ನು ಕರೆದುಕೊಂಡಿತು.

ಹಂತ ಹಂತವಾಗಿ ಎನ್ನುವುದು ಅವಳ ರಕ್ತದಲ್ಲೇ ಇತ್ತು. ಐದು ವರ್ಷದ ಮಕ್ಕಳಿಗೆ ಬರೀ ನೆಲ. ಒಂದು ಮಗು ಯಂತ್ರ, ಇನ್ನೊಂದು ಮಗು ಹೇಳುವವರು. ಹೇಳುವ ಮಗುವಿನ ಕೈಯಲ್ಲಿ ಬಾಣದ ಚಿತ್ರದ ಕಾರ್ಡುಗಳು. ‘ಎರಡು ಮನೆ ಮುಂದೆ’ ಎಂದರೆ ಯಂತ್ರ ಎರಡು ಮನೆ ಮುಂದೆ ಹೋಗಿ, ಒಂದೊಂದು ಮನೆಯಲ್ಲೂ ಪಾದ ಜೋಡಿಸಿ, ಕೈಗಳನ್ನು ಮೈಗೆ ಅಂಟಿಸಿಕೊಂಡು ನಿಲ್ಲಬೇಕು. ಆರೇಳು ವರ್ಷಕ್ಕೆ ಕಾರ್ಡುಗಳನ್ನು ಮೊದಲೇ ಸಾಲಾಗಿ ಜೋಡಿಸಿಟ್ಟು, ಆಮೇಲೆ ನಡೆಸಿ ನೋಡಿ, ಎಲ್ಲಿ ಎಡವಿತೆಂದು ಹುಡುಕುವುದು. ಎಂಟು ತುಂಬಿದ ಮೇಲೆ ‘ಇದ್ದರೆ’ ಮತ್ತು ‘ವರೆಗೆ’. ಗೋಡೆ ಇದ್ದರೆ ಬಲಕ್ಕೆ ತಿರುಗು, ಬಾಗಿಲು ಸಿಗುವವರೆಗೆ ಮುಂದೆ ಹೋಗು. ಇಷ್ಟೂ ಕಾಲಿಗೆ ಬಂದ ಮೇಲೆಯೇ ಪರದೆ, ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಪೋಣಿಸುವುದು. ಅಕ್ಷರ ಒತ್ತಿ ಬರೆಯುವುದು ಕಟ್ಟಕಡೆಗೆ.

ತರಗತಿಗೆ ಮೂರು ಕಟ್ಟುಪಾಡು. ಹೇಳುವವರು ನಿಂತ ಜಾಗ ಬಿಟ್ಟು ಕದಲಬಾರದು. ಯಂತ್ರ ಪ್ರಶ್ನೆ ಕೇಳಬಾರದು, ತಾನೇ ‘ಮುಗೀತು’ ಎಂದು ಕೂಗುವ ತನಕ ಹಿಂತಿರುಗಿ ನೋಡಬಾರದು. ಮೂರನೆಯದು ಅವಳಿಗೆ ಬಹಳ ಇಷ್ಟದ್ದು. ಆಟ ಕೆಟ್ಟರೆ ಯಾರೂ ಯಂತ್ರವನ್ನು ಬೈಯುವ ಹಾಗಿಲ್ಲ. ಮಕ್ಕಳೆಂದ ಮೇಲೆ ಗೊತ್ತಲ್ಲ, ಒಂದು ಮನೆ ತಪ್ಪಿದರೂ ಜುಟ್ಟು ಹಿಡಿಯುತ್ತವೆ. ಅವಳು ನಡುವೆ ನುಗ್ಗಿ, ‘ಯಂತ್ರ ಏನ್ ಮಾಡುತ್ತೆ?’ ಎಂದು ಗುಡುಗಿದರೆ, ‘ಹೇಳಿದ್ದು ಮಾಡುತ್ತೆ!’ ಎಂದು ಇಡೀ ಕೋಣೆ ಕೂಗುತ್ತಿತ್ತು. ‘ಹಾಗಾದ್ರೆ ತಪ್ಪು ಯಾರ್ದು?’ ಎಂದರೆ, ‘ಹೇಳಿದೋರ್ದು!’ ಕಿಟಕಿಯ ಗಾಜು ಅದುರುತ್ತಿತ್ತು.

ಆ ಕೂಗಿನಲ್ಲಿ ಎಲ್ಲರಿಗಿಂತ ಮೇಲೆ ಏಳುತ್ತಿದ್ದ ಗಂಟಲು ಅವಳ ತಮ್ಮನ ಮಗಳದು. ಐದು ವರ್ಷದ ಹುಡುಗಿ, ಮನೆಯಲ್ಲೂ ಬೀದಿಯಲ್ಲೂ ಚೂಟಿ ಎಂದೇ ಹೆಸರು. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದವಳು, ಹುಟ್ಟಿದಂದಿನಿಂದ ಅತ್ತೆಯ ಮಗ್ಗುಲಲ್ಲೇ ಮಲಗಿದವಳು. ಹೇಳುವುದೆಂದರೆ ಅವಳಿಗೆ ಪ್ರಾಣ. ‘ಅಪ್ಪಾ, ಕೂತ್ಕೋ. ಅಮ್ಮಾ, ನೀರು ಕೊಡು. ಅತ್ತೆ, ಆ ಕಡೆ ತಿರುಗಿ ಮಲ್ಕೋ.’ ಮನೆಗೊಬ್ಬಳು ದೊರೆಸಾನಿ. ಅವಳ ಜೋಡಿ ಬೀದಿಯ ಹೊಲಿಗೆಯವಳ ಮಗಳು. ದುಂಡು ಕೆನ್ನೆಯ, ಮಾತು ಕಡಿಮೆಯ ಆ ಮಗುವನ್ನು ಬೆಣ್ಣೆ ಎಂದು ಕರೆಯುತ್ತಿದ್ದರು. ಬೆಣ್ಣೆಗೆ ಯಂತ್ರವಾಗುವುದೇ ಇಷ್ಟ. ನಿಲ್ಲು ಎಂದರೆ ನೊಣ ಮೂಗಿನ ಮೇಲೆ ಕೂತರೂ ಕದಲುತ್ತಿರಲಿಲ್ಲ. ಅಂಥ ಯಂತ್ರ ಇನ್ನೊಂದಿಲ್ಲವೆಂದು ಮನೆ ಟೀಚರೇ ಅನ್ನುತ್ತಿದ್ದಳು.

ಸಂಸ್ಥೆಯ ಮ್ಯಾನೇಜರಿಗೆ ಈ ನೆಲದ ಆಟ ಹಿಡಿಸುತ್ತಿರಲಿಲ್ಲ. ಎದುರು ಬೀದಿಯ ಇನ್ನೊಂದು ಸಂಸ್ಥೆಯವರು ಐದು ವರ್ಷದ ಮಕ್ಕಳಿಂದಲೇ ಏನೇನೋ ಮಾಡಿಸುತ್ತೇವೆಂದು ಗೋಡೆಗೋಡೆಗೆ ಅಂಟಿಸಿದ್ದರು.

‘ಮೇಡಂ, ಪೋಷಕರ ದಿನಕ್ಕೆ ಚಿಕ್ಕ ಮಕ್ಕಳ ಕೈಲಿ ಒಂದು ‘ವರೆಗೆ’ ಮಾಡ್ಸಿ. ಬಾತುಕೋಳಿ ನೀರು ಹುಡುಕ್ಕೊಂಡು ಹೋಗುತ್ತೆ, ಸಿಕ್ಕಿದ ಮೇಲೆ ಕೂತ್ಕೊಳ್ಳುತ್ತೆ. ನೋಡೋಕೂ ಚೆನ್ನಾಗಿರುತ್ತೆ.’

‘ಅದು ಎಂಟು ವರ್ಷದೋರಿಗೆ ಸರ್.’

‘ಮೂರು ವರ್ಷ ಕಾಯೋಕೆ ಯಾರಿಗೆ ಪುರುಸೊತ್ತಿದೆ ಹೇಳಿ?’

ಅವಳು ಜಗಳವಾಡಿದಳು. ಅವಳ ತಕರಾರು ಸುಮ್ಮನೆ ಹಟವಲ್ಲ. ಮೂರು ಮನೆ ಮುಂದೆ ಎಂದರೆ ಅದರ ಕೊನೆ ಅದರೊಳಗೇ ಇದೆ. ಮೂರು ಎಣಿಸಿದ ಮಗು ತಾನಾಗಿ ನಿಲ್ಲುತ್ತದೆ. ‘ವರೆಗೆ’ಯ ಕೊನೆ ಮಾತಿನಲ್ಲಿಲ್ಲ, ಹೊರಗೆಲ್ಲೋ ಇದೆ. ಅದು ಸಿಗದಿದ್ದರೆ? ಬೇಡದ ಕಡೆ ಸಿಕ್ಕರೆ? ತಲೆಯೆತ್ತಿ ಸುತ್ತ ನೋಡಿ, ಇದು ಯಾಕೋ ಸರಿಯಿಲ್ಲವೆಂದು ಆಟವನ್ನೇ ನಿಲ್ಲಿಸುವ ಬುದ್ಧಿ ಬೇಕು. ಐದು ವರ್ಷಕ್ಕೆ ಆ ಬುದ್ಧಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇಷ್ಟನ್ನೂ ಅವಳು ಮ್ಯಾನೇಜರಿಗೆ ಬಿಡಿಸಿ ಹೇಳಿದಳು. ಅವನು ಫೋನು ನೋಡುತ್ತ ಹ್ಞೂಂಗುಟ್ಟಿದ.

ಸರಿ, ತೋರಿಸಿಯಾದರೂ ನೋಡೋಣ, ಬರದಿದ್ದರೆ ಬಿಡೋಣವೆಂದು ಒಂದು ಮಧ್ಯಾಹ್ನ ಕಾರ್ಡು ತೆಗೆದಳು. ಸುತ್ತಿಕೊಂಡ ಬಾಣ, ಅದರ ಪಕ್ಕದಲ್ಲಿ ನೀಲಿ ಹನಿ. ‘ನೀರು ಸಿಗುವವರೆಗೆ ಒಂದೊಂದೇ ಮನೆ ಮುಂದೆ ಹೋಗು.’ ಉಳಿದ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟವು. ಚೂಟಿ ಒಂದೇ ಸಲಕ್ಕೆ ಹಿಡಿದಳು. ಕೊನೆಯ ಮನೆಯಲ್ಲಿ ಹಾಸಿದ್ದ ನೀಲಿ ಬಟ್ಟೆಯನ್ನು ಬೇರೆ ಬೇರೆ ಮನೆಗೆ ಬದಲಾಯಿಸಿದರೂ ತಪ್ಪಲಿಲ್ಲ. ಮನೆ ಟೀಚರಿಗೆ ಒಳಗೊಳಗೇ ಹಿಗ್ಗು. ನಮ್ಮ ರಕ್ತ, ಬರದೆ ಇರುತ್ತದೆಯೇ? ಆ ಹಿಗ್ಗಿನಲ್ಲಿ ತನ್ನ ಸ್ಕೇಲನ್ನು ತಾನೇ ಮರೆತಳು.

ಪೋಷಕರ ದಿನ ಚೂಟಿ ಹೇಳಿದಳು, ಬೆಣ್ಣೆ ನಡೆದಳು. ತಲೆಗೆ ಹಳದಿ ಕಾಗದದ ಕೊಕ್ಕು ಕಟ್ಟಿಕೊಂಡು ಒಂದೊಂದು ಮನೆಯಲ್ಲೂ ಪಾದ ಜೋಡಿಸಿ ನಿಂತು, ನೀಲಿ ಬಟ್ಟೆ ಬಂದೊಡನೆ ಅದರೊಳಗೆ ಕಾಲಿಟ್ಟು ಚಕ್ಕಳಮಕ್ಕಳ ಹಾಕಿ ಕೂತು, ‘ಮುಗೀತು!’ ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಹೊಲಿಗೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು, ‘ನಮ್ ಬೆಣ್ಣೆಗೆ ಇಷ್ಟೆಲ್ಲ ಬರುತ್ತಾ ಟೀಚರ್!’ ಎಂದಳು. ಕೊನೆಗೆ ಮ್ಯಾನೇಜರ್ ಎಲ್ಲ ಮಕ್ಕಳಿಗೂ ಸಂಸ್ಥೆಯ ಹೆಸರಿರುವ ಚೀಲದಲ್ಲಿ ಕಾರ್ಡುಗಳನ್ನು ಕೊಡಬೇಕೆಂದ. ರಜೆಯಲ್ಲಿ ಮನೆಯಲ್ಲೇ ಆಡಲಂತೆ.

ಅವಳ ತರಗತಿಯಿಂದ ಒಂದು ಕಾರ್ಡೂ ಎಂದೂ ಹೊರಗೆ ಹೋದದ್ದಿಲ್ಲ. ಪೆಟ್ಟಿಗೆಯಲ್ಲಿದ್ದರೆ ಪಾಠ, ಹೊರಗೆ ಹೋದರೆ ಚೆಲ್ಲಾಟ ಎನ್ನುತ್ತಿದ್ದಳು. ಆದರೆ ಚೀಲಗಳು ಆಗಲೇ ತುಂಬಿ ಮೇಜಿನ ಮೇಲಿದ್ದವು. ಎಲ್ಲರೂ ತಿಂಡಿಯ ಕಡೆ ಹೋದಾಗ ಅವಳು ಬಾಗಿಲು ಮುಂದೆ ಮಾಡಿ, ಚಿಕ್ಕ ಮಕ್ಕಳ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ‘ವರೆಗೆ’ ಕಾರ್ಡನ್ನು ಹೊರಗೆ ತೆಗೆದಳು. ಮ್ಯಾನೇಜರಿಗೆ ತಿಳಿದರೆ ತಿಳಿಯಲಿ. ಬೆಣ್ಣೆಯ ಚೀಲದಿಂದಲೂ ತೆಗೆದಳು. ಚೂಟಿಯ ಚೀಲಕ್ಕೆ ಕೈಹಾಕಿದವಳು ಹಾಗೇ ನಿಂತಳು. ಇವಳಿಗೇನು, ಬರುತ್ತದಲ್ಲ. ಮನೆಯಲ್ಲಿ ನಾನಿರುತ್ತೇನಲ್ಲ. ಆ ಒಂದು ಚೀಲದ ದಾರವನ್ನು ಹಾಗೆಯೇ ಕಟ್ಟಿ ಇಟ್ಟಳು.

ರಜೆ ಬಂತು. ಮಕ್ಕಳಿಗೆ ರಜೆ, ಟೀಚರಿಗಲ್ಲ. ಹೊಸದಾಗಿ ಸೇರುವವರು ಬರುತ್ತಿದ್ದುದರಿಂದ ಅವಳು ದಿನವೂ ಸಂಸ್ಥೆಗೆ ಹೋಗಬೇಕಿತ್ತು. ಒಂದು ಮಧ್ಯಾಹ್ನ ಬಿಸಿಲು ಕಣ್ಣಿಗೆ ಹೊಡೆಯುವಾಗ ಮನೆಗೆ ಬಂದಳು. ಚೂಟಿ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲೊಂದು ಕಾರ್ಡು. ಬಿಸಿಲಿಗೆ ಮುಖ ಕೆಂಪೇರಿತ್ತು. ಒಳಗೆ ಅವಳ ಅಮ್ಮ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

‘ಯಾಕೇ, ಬಿಸಿಲಲ್ಲಿ ಒಣಗ್ತಾ ಇದೀಯ? ಬೆಣ್ಣೆ ಬಂದಿಲ್ವಾ ಇವತ್ತು?’

‘ಬಂದ್ಲು.’

‘ಎಲ್ಲಿ?’

‘ಹೋಗ್ತಾ ಇದಾಳೆ.’

‘ಎಲ್ಲಿಗೆ?’

ಚೂಟಿ ಕಾರ್ಡು ತೋರಿಸಿದಳು. ‘ನೀರು ಸಿಗುವವರೆಗೆ. ಇನ್ನೂ ಮುಗೀತು ಅಂದಿಲ್ಲ ಅತ್ತೆ. ನಾನು ಕದಲೇ ಇಲ್ಲ.’

ಮನೆ ಟೀಚರ್ ಅಂಗಳ ನೋಡಿದಳು. ಅಲ್ಲಿ ಸೀಮೆಸುಣ್ಣದ ಒಂದು ಗೆರೆಯೂ ಇರಲಿಲ್ಲ. ಮತ್ತೆ ಮನೆ ಎಲ್ಲಿ? ಎಂದುಕೊಂಡವಳು ಬೀದಿಯ ಕಡೆ ತಿರುಗಿದಳು. ಎಡಕ್ಕೆ ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ಮನೆಗಳು. ಒಂದು, ಎರಡು, ಮೂರು. ಒಂದೊಂದೇ ಮನೆ ಮುಂದೆ. ಕೈಚೀಲ ಅಲ್ಲೇ ಬಿಸಾಡಿ ಓಡಿದಳು.

ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿ ಹಿಡಿದು ನಿಂತ. ‘ಹೊಲಿಗೆಯವರ ಮಗುನಾ? ಆಗ್ಲೇ ಹೋಯ್ತಲ್ಲ. ಒಂದೊಂದು ಗೇಟ್ ಮುಂದೇನೂ ಕಾಲು ಜೋಡ್ಸಿ ನಿಲ್ಲೋದು, ಮತ್ತೆ ಮುಂದಕ್ಕೆ ಹೋಗೋದು. ಏನಮ್ಮಾ ಅಂದ್ರೆ ತಿರುಗಿ ಕೂಡ ನೋಡ್ಲಿಲ್ಲ. ಏನೋ ಆಟ ಅಂತ ನಕ್ಕೆ.’ ಅವಳು ಅವನ ಮಾತು ಮುಗಿಯುವವರೆಗೆ ನಿಲ್ಲಲಿಲ್ಲ. ಅವನೂ ಪೆಟ್ಟಿಗೆ ಕೆಳಗಿಟ್ಟು ಹಿಂದೆ ಬಂದ.

ಸಾಲಿನ ಕೊನೆಯಲ್ಲಿ ಹೊಸ ಮನೆಯೊಂದಕ್ಕೆ ಅಡಿಪಾಯ ತೋಡಿ ಬಿಟ್ಟಿದ್ದರು. ಬೇಲಿಯಿಲ್ಲ, ಹಗ್ಗವಿಲ್ಲ. ಒಡೆದ ಪೈಪಿನಿಂದ ನೀರು ಬಂದು ಗುಂಡಿ ತುಂಬಿತ್ತು. ಆಕಾಶದ ಬಿಂಬ ಬಿದ್ದು ಅದು ನೀಲಿಯಾಗಿ ಕಾಣುತ್ತಿತ್ತು. ಓಡುತ್ತಲೇ ಅವಳು ತನಗೆ ತಾನು ಹೇಳಿಕೊಳ್ಳುತ್ತಿದ್ದಳು: ನೀರು ಕಂಡ ಮಗು ನಿಲ್ಲುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ, ದಡದಲ್ಲಿ ನಿಂತಿರುತ್ತಾಳೆ. ಆಮೇಲೆ ನೆನಪಾಯಿತು. ತಾನು ಕಲಿಸಿದ್ದು ದಡದಲ್ಲಿ ನಿಲ್ಲಲಿಕ್ಕಲ್ಲ. ಒಳಗೆ ಕಾಲಿಟ್ಟು ಕೂರಲಿಕ್ಕೆ.

ಅಂಚಿನ ಹಸಿ ಮಣ್ಣಿನಲ್ಲಿ ಪುಟ್ಟ ಪಾದಗಳೆರಡರ ಗುರುತಿತ್ತು, ಒಂದರ ಪಕ್ಕದಲ್ಲಿ ಒಂದು, ಒತ್ತಾಗಿ ಜೋಡಿಸಿದ್ದು. ಅದರಾಚೆ ಗುರುತಿರಲಿಲ್ಲ. ಇಸ್ತ್ರಿಯವನು ಅಂಗಿ ಸಮೇತ ಹಾರಿದ. ಅವನು ಎತ್ತಿ ತಂದ ಮಗುವಿನಲ್ಲಿ ಜೀವ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಬೀದಿಯಲ್ಲಿ ಮಾತಿಗೆ ಬರವಿರಲಿಲ್ಲ, ನಿಜಕ್ಕಿತ್ತು. ವಿಚಾರಣೆಗೆ ಪೊಲೀಸರು ಬರುವ ಮೊದಲೇ ಮ್ಯಾನೇಜರ್ ಬಂದ. ಕುರ್ಚಿಯ ತುದಿಯಲ್ಲಿ ಕೂತು ದನಿ ತಗ್ಗಿಸಿದ. ‘ಮಕ್ಕಳು ಆಡ್ತಿದ್ರು. ಒಂದು ಮಗು ಹೋಗಿ ಬಿತ್ತು. ಗುಂಡಿಗೆ ಬೇಲಿ ಹಾಕದವನ ತಪ್ಪು ಅದು. ಕಾರ್ಡು ಗೀರ್ಡು ಅಂತ ಎಲ್ಲೂ ಬಾಯಿಗೆ ಬರಬಾರ್ದು ಮೇಡಂ.’ ಬೇಲಿ ಹಾಕದವನ ತಪ್ಪು ಸಣ್ಣದೇನಲ್ಲ, ಅವನನ್ನು ಹಿಡಿದು ಒಳಗೆ ಹಾಕಿದರೂ ಕಡಿಮೆಯೇ. ಆದರೆ ಮ್ಯಾನೇಜರಿಗೆ ಆ ಬೇಲಿಯ ಮೇಲೆ ಅಂದು ಹುಟ್ಟಿದ ಅಕ್ಕರೆ ನೋಡಿದ್ದರೆ ಯಾರಿಗಾದರೂ ಮೈ ಉರಿಯುತ್ತಿತ್ತು.

ತಮ್ಮನೂ ಅದನ್ನೇ ಹೇಳಿದ, ಬೇರೆ ಕಾರಣಕ್ಕೆ. ‘ಅಕ್ಕಾ, ಚೂಟಿ ಕಳಿಸಿದ್ಲು ಅಂತ ನಾಳೆ ಜನ ಅಂದ್ರೆ? ಹೆಣ್ಣು ಮಗು, ಇಡೀ ಜನ್ಮ ಹೊರಬೇಕು. ಅವಳ ಬಾಯಿಂದ ಏನೂ ಬರೋದು ಬೇಡ. ನೀನೂ ಸುಮ್ನಿರು.’ ಅವಳು ಸುಮ್ಮನಾದಳು. ಬಂದವರು ಕೇಳಿದರು, ಹೋದರು. ಯಾರ ಬಾಯಿಂದಲೂ ಏನೂ ಬರಲಿಲ್ಲ. ಚೂಟಿ ಏನಾದರೂ ಹೇಳಲು ತುಟಿ ಬಿಚ್ಚಿದರೆ ಅಮ್ಮ ‘ಶ್’ ಎನ್ನುತ್ತಿದ್ದಳು, ಅಪ್ಪ ಎತ್ತಿಕೊಂಡು ಒಳಗೆ ಹೋಗುತ್ತಿದ್ದ. ದೊಡ್ಡವರ ಮಟ್ಟಿಗೆ ಅದು ಮಗುವನ್ನು ಕಾಪಾಡುವುದು. ಮಗುವಿನ ಮಟ್ಟಿಗೆ ಅದು ಏನೆಂದು ಒಬ್ಬರೂ ಕೇಳಲಿಲ್ಲ.

ಅತ್ತೆಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಚೂಟಿಯ ತಲೆ ಬಾಚುತ್ತಿದ್ದಾಗ.

‘ಅತ್ತೆ, ಹತ್ತು ಮನೆ ಅಂದಿದ್ರೆ ಇಸ್ತ್ರಿ ಅಂಗಡಿ ಹತ್ರ ನಿಲ್ತಿದ್ಲು ಅಲ್ವಾ?’

ಬಾಚಣಿಗೆ ಅಲ್ಲೇ ನಿಂತಿತು.

‘ಇಪ್ಪತ್ತು ಅಂದಿದ್ರೆ ಹಸಿರು ಗೇಟು. ಅಲ್ಲೂ ನೀರಿಲ್ಲ. ನಾನು ಹುಡುಕಿದೆ, ಹೇಳಿದ್ರಲ್ಲಿ ತಪ್ಪೆಲ್ಲಿದೆ ಅಂತ.’

ಹುಡುಕಿದ್ದಾಳೆ! ಕೂತಲ್ಲಿ ನಿಂತಲ್ಲಿ, ಕಲಿಸಿದ ಹಾಗೆಯೇ, ಹೇಳಿದ ಮಾತನ್ನು ಹಿಂದಿನಿಂದ ಮುಂದಕ್ಕೆ ನಡೆಸಿ ನೋಡಿದ್ದಾಳೆ. ‘ನಿಂದೇನೂ ತಪ್ಪಿಲ್ಲ ಕಂದ,’ ಎಂದಳು ಅತ್ತೆ. ಚೂಟಿ ತಲೆ ಹಿಂದಕ್ಕೆ ಎತ್ತಿ ಅತ್ತೆಯ ಮುಖ ನೋಡಿದಳು. ಅತ್ತೆ ಸುಳ್ಳು ಹೇಳುತ್ತಿದ್ದಾಳೆಂದು ಆ ಕಣ್ಣು ಹೇಳಿತು. ಕಿಟಕಿ ಅದುರುವಂತೆ ಕಲಿಸಿದ ಪಾಠವನ್ನು ಒಂದು ಕಂದ ಎಂಬ ಮಾತಿನಿಂದ ಒರೆಸಲು ಆದೀತೆ? ಅವಳು ಮತ್ತೆ ಬಾಚಲು ತೊಡಗಿದಳು.

ಅಂದಿನಿಂದ ಮೈಯೆಲ್ಲ ಕಣ್ಣಾಗಿ ಮಗುವನ್ನು ನೋಡತೊಡಗಿದಳು. ಏನೋ ಒಂದು ಕಡಿಮೆಯಾಗಿತ್ತು. ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕಡಿಮೆಯಾದದ್ದು ಏನೆಂದು ತಿಳಿಯಲು ದಿನಗಳೇ ಹಿಡಿದವು. ಚೂಟಿ ಯಾರಿಗೂ ಏನನ್ನೂ ಮಾಡು ಎನ್ನುತ್ತಿರಲಿಲ್ಲ. ಬಾ ಇಲ್ಲ, ಕೊಡು ಇಲ್ಲ, ಕೂತ್ಕೋ ಇಲ್ಲ. ಬಾಯಾರಿದರೆ ಲೋಟದ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಚಪ್ಪಲಿಯ ಪಟ್ಟಿ ಕಚ್ಚಿ ಹಿಡಿದರೆ ಕುಂಟುತ್ತ ನಡೆಯುತ್ತಿದ್ದಳು. ಮನೆಯ ದೊರೆಸಾನಿ ತನ್ನ ನಾಲಗೆಯಿಂದ ಆ ಮಾತುಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದ್ದಳು. ಅಮ್ಮನಿಗೆ ಮಾತ್ರ ಸಮಾಧಾನ. ‘ನೋಡಿ ಅತ್ತಿಗೆ, ಎಷ್ಟು ತಗ್ಗಿದಾಳೆ. ಮೊದಲಿನ ಹಟ ಒಂದೂ ಇಲ್ಲ.’

ಒಂದು ಭಾನುವಾರ ತಮ್ಮ ಹೊರಗೆ ಹೊರಟವನು ಮುಂಬಾಗಿಲು ಎಳೆದುಕೊಂಡ. ಬಾಗಿಲು ಪೂರ್ತಿ ಕೂರಲಿಲ್ಲ. ಮರ ಹಿಗ್ಗಿರಬೇಕೆಂದು ಇನ್ನೊಮ್ಮೆ ಬಲವಾಗಿ ಎಳೆದ. ಅತ್ತೆ ಕೋಣೆಯಿಂದ ಬಂದಾಗ ಚೂಟಿ ಬಾಗಿಲ ಸಂದಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಬೆರಳು ಸಂದಿಯಲ್ಲಿತ್ತು. ಮುಖ ಬಿಳಚಿಕೊಂಡು, ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿದ್ದರೂ ಬಾಯಿ ಬಿಗಿಯಾಗಿ ಮುಚ್ಚಿತ್ತು. ಅಪ್ಪ ಬಾಗಿಲಿನ ಆ ಪಕ್ಕದಲ್ಲೇ ಇದ್ದ. ‘ತೆಗಿ’ ಎಂದಿದ್ದರೆ ಸಾಕಿತ್ತು.

ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿ, ಉಗುರು ಹೋಗುತ್ತದೆ, ಮತ್ತೆ ಬರುತ್ತದೆ ಎಂದರು. ‘ಯಾಕೆ ಚಿನ್ನ, ಕೂಗಬಾರ್ದಿತ್ತಾ?’ ಎಂದು ತಮ್ಮ ದಾರಿಯುದ್ದಕ್ಕೂ ಗೋಗರೆದ. ಉತ್ತರ ಅತ್ತೆಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೋ ಎಂದು ಮಗುವಿಗೆ ಭಯ. ಇನ್ನು ಸುಮ್ಮನಿದ್ದರೆ ಈ ಮಗುವೂ ಉಳಿಯುವುದಿಲ್ಲವೆಂದು ಅವಳಿಗೆ ಖಚಿತವಾಯಿತು.

ಮರುದಿನ ಅವಳು ಮೊದಲು ಹೋದದ್ದು ಹೊಲಿಗೆಯವಳ ಹತ್ತಿರ. ಒಂದೇ ಕೋಣೆ. ಮಿಷನ್ನಿನ ಮೇಲೆ ಅರ್ಧ ಹೊಲಿದ ತೋಳು, ನೆಲದ ಮೇಲೆ ಬಟ್ಟೆಯ ಚೂರುಗಳು. ಹೊಲಿಗೆಯವಳು ಕಾಲು ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಮನೆ ಟೀಚರ್ ಎಲ್ಲವನ್ನೂ ಹೇಳಿದಳು. ಎಂಟು ವರ್ಷಕ್ಕೆ ಕೊಡಬೇಕಾದದ್ದನ್ನು ಐದಕ್ಕೆ ಕೊಟ್ಟದ್ದು, ನೀರೊಳಗೆ ಕೂರಲು ಕಲಿಸಿದ್ದು, ಎಲ್ಲರ ಚೀಲದಿಂದ ತೆಗೆದು ಚೂಟಿಯ ಚೀಲದಲ್ಲಿ ಬಿಟ್ಟದ್ದು. ಹೊಲಿಗೆ ಬಟ್ಟೆಯ ಅಂಚು ದಾಟಿ ಬರೀ ದಾರ ಸುತ್ತಿಕೊಳ್ಳುತ್ತಿತ್ತು.

‘ಗೊತ್ತು ಟೀಚರ್,’ ಎಂದಳು ಹೊಲಿಗೆಯವಳು, ಕಾಲು ನಿಲ್ಲಿಸಿ. ‘ಇಸ್ತ್ರಿಯವರು ಹೇಳಿದ್ರು, ಕಾಲು ಜೋಡ್ಸಿ ನಿಲ್ತಿದ್ಲು ಅಂತ. ಹಾಗೆ ನಿಲ್ಲೋದು ಅವಳು ಎಲ್ಲಿ ಕಲ್ತಿದ್ದು ಅಂತ ನಂಗೊತ್ತಿಲ್ವಾ? ನೀವು ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ.’

‘ಪೊಲೀಸರ ಹತ್ರಾನೂ ಹೇಳ್ತೀನಿ.’

‘ಹೇಳಿ. ನಿಮ್ಮ ಸಮಾಧಾನಕ್ಕೆ ಹೇಳಿ. ನಂಗೆ ಅದ್ರಿಂದ ಏನೂ ಆಗ್ಬೇಕಾಗಿಲ್ಲ.’ ಅವಳು ಎದ್ದು ಬಾಗಿಲು ಹಿಡಿದು ನಿಂತಳು. ‘ಇನ್ನು ಈ ಕಡೆ ಬರ್ಬೇಡಿ.’

ಅವಳು ಪೊಲೀಸ್ ಠಾಣೆಗೂ ಹೋಗಿ ಹೇಳಿದಳು. ಅಲ್ಲಿದ್ದವನು ಆಕಳಿಸುತ್ತ ಕೇಳಿ, ಬೇಕಾದರೆ ಕರೆಯುತ್ತೇವೆಂದ. ಮ್ಯಾನೇಜರ್ ಅಂದೇ ಅವಳನ್ನು ಕೆಲಸದಿಂದ ತೆಗೆದ. ಇದೆಲ್ಲ ಅವಳಿಗೆ ದೊಡ್ಡದೆನಿಸಲಿಲ್ಲ. ದೊಡ್ಡದು ಇನ್ನೂ ಮನೆಯಲ್ಲಿತ್ತು.

ಸಂಜೆ ಚೂಟಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು, ಪಟ್ಟಿ ಕಟ್ಟಿದ ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡು. ಅತ್ತೆ ಪಕ್ಕದಲ್ಲಿ ಕೂತಳು. ಮಗುವಿನ ಒಳ್ಳೆಯ ಕೈ ತಾನಾಗಿ ಬಂದು ಅವಳ ಕೈಯೊಳಗೆ ಸೇರಿಕೊಂಡಿತು. ಮುದ್ದಿನ ಮಾತು ಇಲ್ಲಿ ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಈ ಮಗು ನಂಬುವುದು ಪಾಠವನ್ನು ಮಾತ್ರ.

‘ಚೂಟಿ, ನೀರಿನ ಮಾತು ನೀನೇ ಹುಟ್ಟಿಸಿ ಹೇಳಿದ್ಯಾ?’

‘ಇಲ್ಲ. ಕಾರ್ಡಲ್ಲಿತ್ತು.’

‘ಕಾರ್ಡು ಕೊಟ್ಟಿದ್ದು ಯಾರು?’

‘ನೀನು.’

‘ಅದನ್ನ ಹೇಗೆ ಹೇಳ್ಬೇಕು ಅಂತ ಕಲಿಸಿದ್ದು?’

‘ನೀನು.’

‘ಹೇಳಿದ್ದು ಮಾಡೋದು ಯಾರು?’

ಚೂಟಿ ಬಹಳ ಹೊತ್ತು ಯೋಚಿಸಿದಳು. ಹುಬ್ಬು ಗಂಟಿಕ್ಕಿ, ತುಟಿ ಅಲುಗಿಸುತ್ತ, ಒಂದೊಂದೇ ಮನೆ ದಾಟಿ ಬಂದಂತೆ. ‘ಯಂತ್ರ,’ ಎಂದಳು. ಮತ್ತೆ, ‘ಬೆಣ್ಣೆ ಯಂತ್ರ... ನಾನೂ ಯಂತ್ರ?’

‘ಹ್ಞೂಂ. ನೀನೂ ಯಂತ್ರ. ಹೇಳಿದ್ದು ನಾನು.’

ಮಗು ತಲೆಯೆತ್ತಿ ಅವಳನ್ನು ನೋಡಿತು. ಇಷ್ಟು ದಿನ ಮುಖದ ಮೇಲಿದ್ದ ಬಿಗಿ ಸ್ವಲ್ಪ ಸಡಿಲವಾಯಿತು. ಆದರೆ ಕಲಿತವಳು ಚೂಟಿ; ಅರ್ಧಕ್ಕೆ ನಿಲ್ಲುವವಳಲ್ಲ.

‘ನಿಂಗೆ ಯಾರು ಹೇಳಿದ್ರು ಅತ್ತೆ?’

ಮ್ಯಾನೇಜರನ ಹೆಸರು ನಾಲಗೆಯ ತುದಿಗೆ ಬಂತು. ಹೇಳಿದ್ದರೆ ಪೂರ್ತಿ ಸುಳ್ಳೇನೂ ಆಗುತ್ತಿರಲಿಲ್ಲ. ಮಗು ಅದನ್ನೂ ನಂಬುತ್ತಿತ್ತು, ಅತ್ತೆಯೂ ಯಂತ್ರವೇ ಎಂದು ಅವಳ ಮಡಿಲಿಗೆ ತಲೆ ಇಡುತ್ತಿತ್ತು, ಇಂದಿಗೂ ಮೊದಲಿನ ಹಾಗೆ ಅವಳ ಮಗ್ಗುಲಲ್ಲಿ ಮಲಗುತ್ತಿತ್ತು. ಆದರೆ ಉಳಿದೆಲ್ಲ ಚೀಲಗಳಿಂದ ಆ ಕಾರ್ಡು ತೆಗೆಯುವಾಗ ಅವಳು ಯಾರ ಅಪ್ಪಣೆ ಕೇಳಿದ್ದಳು? ತೆಗೆಯಬಲ್ಲ ಕೈಯೇ ಒಂದನ್ನು ಬಿಟ್ಟಿತ್ತು.

‘ಯಾರೂ ಹೇಳ್ಲಿಲ್ಲ,’ ಎಂದಳು. ‘ನಾನೇ.’

‘ನೀನೇನಾ?’

‘ನಾನೇ.’

ಚೂಟಿಯ ಕೈ ಮೆಲ್ಲಗೆ ಅವಳ ಕೈಯಿಂದ ಹೊರಗೆ ಬಂತು. ಕಟ್ಟೆಯಿಂದ ಇಳಿದು ನಿಂತಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು, ಅತ್ತೆಯ ಮುಖದಿಂದ ಕಣ್ಣು ಕೀಳದೆ. ಆಮೇಲೆ ಎಷ್ಟೋ ದಿನದಿಂದ ಮುಚ್ಚಿದ್ದ ಗಂಟಲು ಬಿಚ್ಚಿ, ಮನೆಯೆಲ್ಲ ಕೇಳುವಂತೆ ಕೂಗಿದಳು.

‘ಅಮ್ಮಾ, ಬಾ! ಬೇಗ ಬಾ! ನನ್ನ ಎತ್ಕೋ! ಅತ್ತೆ ಹತ್ರ ನಂಗೆ ಭಯ ಆಗ್ತಿದೆ.’

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ‘ಬಾಗಿಲು ಹಾಕು ಅಮ್ಮ,’ ಎನ್ನುತ್ತಿತ್ತು ಮಗು, ಅವಳ ಹೆಗಲ ಮೇಲಿಂದ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿದಳು. ಮನೆ ಟೀಚರ್ ಹೊರಗೆ ಕಟ್ಟೆಯ ಮೇಲೆ ಕೂತು, ಮಗು ಒಳಗೆ ಒಂದಾದ ಮೇಲೊಂದು ಹೇಳುತ್ತಿದ್ದುದನ್ನು ಕೇಳುತ್ತಿದ್ದಳು. ಇಳಿಸು ಎನ್ನುತ್ತಿದ್ದಳು, ದೀಪ ಹಾಕು ಎನ್ನುತ್ತಿದ್ದಳು, ನೀರು ಕೊಡು ಎನ್ನುತ್ತಿದ್ದಳು.